ರೆನ್ನಿ ಸಾಹೇಬರ ಬಳ್ಳಿ

ಜನವರಿ 9, ಗುರುವಾರ

ಈ ಡೈರಿ ಔಷಧಿ ಅಂಗಡಿಯವರು ಪುಕ್ಕಟೆ ಕೊಟ್ಟದ್ದು. ಪ್ರತಿ ಪುಟದ ಕೆಳಗೂ ಮಲಬದ್ಧತೆಯ ಮಾತ್ರೆಯದೊಂದು ಜಾಹೀರಾತಿದೆ. ಹನುಮೇಶ ಎಂಬ ನನ್ನಂಥ ಮಹಾನುಭಾವನ ಜೀವನಚರಿತ್ರೆಗೆ ಅಷ್ಟು ಅಡಿಟಿಪ್ಪಣಿ ಸಾಕು.

ದಾವಣಗೆರೆಯ ಮಂಡಿಪೇಟೆಯ ಜೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿರುವ ನನ್ನ ವಧು-ವರ ಮಾಹಿತಿ ಕೇಂದ್ರಕ್ಕೆ ಇವತ್ತು ಒಬ್ಬ ಮುದುಕಿ ಬಂದರು. ಬಿಳಿ ಸೀರೆ, ಕೈಗಡಿಯಾರ, ಕೊರಳಲ್ಲಿ ಸಣ್ಣ ಶಿಲುಬೆ. ಮೆಟ್ಟಿಲು ಹತ್ತಿದ ಏದುಸಿರು ಇಳಿಯುವವರೆಗೂ ನನಗೆ ಮಾತಾಡಬೇಡ ಎಂಬಂತೆ ಕೈ ಎತ್ತಿ ಕೂತಿದ್ದರು. ಮೊಮ್ಮಗನಿಗೆ ಹೆಣ್ಣು ಹುಡುಕುತ್ತಿರಬೇಕು ಎಂದು ನಾನು ಆಲ್ಬಂ ಬಿಚ್ಚಿ ಮುಂದಿಟ್ಟೆ. ಅವರು ಅದನ್ನು ಮುಚ್ಚಿ ನನ್ನ ಕಡೆಗೇ ತಳ್ಳಿದರು.

"ನನಗೆ ಗಂಡೂ ಬ್ಯಾಡ, ಹೆಣ್ಣೂ ಬ್ಯಾಡ್ರಿ. ಕೆಳಗೆ ಬೋರ್ಡಿನಾಗೆ ವಂಶಾವಳಿ ತಜ್ಞರು ಅಂತ ಐತಲ್ಲ, ಅವ್ರನ್ನ ಕರೀರಿ."

ನಾನು ಹಿಂದೆ ತಿರುಗಿ ನೋಡಿದೆ. ಆ ತಜ್ಞ ನಾನೇ ಎಂದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಆ ಬೋರ್ಡು ನನ್ನ ಮಗಳು ಅಂಬಿಕಾಳ ಕಿತಾಪತಿ. ನಾವು ಹೆಳವರು. ನನ್ನ ಅಜ್ಜ ಎತ್ತಿಗೆ ಜೂಲು ಹೊದಿಸಿ, ಕೈಯಲ್ಲಿ ಗಂಟೆ ಹಿಡಿದು ಲೋಕಿಕೆರೆ, ಸಾರಥಿ, ಹೊಳೆಯಾಚೆಯ ಊರುಗಳನ್ನೆಲ್ಲ ಸುತ್ತುತ್ತಿದ್ದ. ಬೆಳಗ್ಗೆ ಒಕ್ಕಲ ಮನೆಯ ಬಾಗಿಲಲ್ಲಿ ನಿಂತು, ಆ ಮನೆಯ ಯಜಮಾನನಿಗೆ ಅವನ ತಾತನ ತಾತನ ಹೆಸರನ್ನು ಬಾಯಲ್ಲೇ ಹೇಳಿ, ಮೊರದ ತುಂಬ ಜೋಳ ಹಾಕಿಸಿಕೊಂಡು ಬರುತ್ತಿದ್ದ. ವಂಶ ಹೇಳುವುದಕ್ಕೆ ನಮ್ಮಲ್ಲಿ ಬಳ್ಳಿ ಹೇಳುವುದು ಎನ್ನುತ್ತಾರೆ. ನಾನು ಅದನ್ನು ಬಿಟ್ಟು ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡವನು. ಎತ್ತು ಹೋಗಿ ಸ್ಕೂಟರು ಬಂದಿದೆ. ಅದನ್ನೂ ಅಂಬಿಕಾ ಓಡಿಸಬೇಕು, ನನಗೆ ಬ್ಯಾಲೆನ್ಸ್ ಇಲ್ಲ.

ಮುದುಕಿಯ ಹೆಸರು ಎಲ್ಸಿ ಸಾಮ್ಯುಯೆಲ್. ಹರಿಹರದವರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು, ಮದುವೆಯಾಗಿಲ್ಲ. ಅವರ ಅಜ್ಜಿಯ ತಂದೆ ಡಂಕನ್ ರೆನ್ನಿ ಎಂಬ ಸ್ಕಾಟ್ಲೆಂಡಿನ ಕಲ್ಲುಕುಟಿಗ. ಹೊಳೆಗೆ ರೈಲಿನ ಸೇತುವೆ ಕಟ್ಟುವ ಕಾಲಕ್ಕೆ ಹೆಂಡತಿ ಮಕ್ಕಳ ಸಮೇತ ಬಂದು, ಸೇತುವೆ ಮುಗಿದ ಮೇಲೂ ಇಲ್ಲೇ ಉಳಿದನಂತೆ. ಹರಿಹರದ ಹಳೆಯ ಸಿಮಿಟ್ರಿಯಲ್ಲಿ, ಅಂದರೆ ಕ್ರೈಸ್ತರ ಸ್ಮಶಾನದಲ್ಲಿ, ಕಬ್ಬಿಣದ ಕಟಕಟೆ ಹಾಕಿದ ಜಾಗ ಆ ಮನೆತನದ್ದು. ಎಲ್ಸಿಯಮ್ಮನ ತಾಯಿಯೂ ಅಲ್ಲೇ ಮಲಗಿದ್ದಾರೆ. ಪಕ್ಕದಲ್ಲಿ ಇನ್ನೊಬ್ಬರಿಗೆ ಆಗುವಷ್ಟು ಜಾಗವಿದೆ. ಎಲ್ಸಿಯಮ್ಮನಿಗೆ ಅದು ಬೇಕು. ಆದರೆ ಸಿಮಿಟ್ರಿಯ ಕಮಿಟಿಯವರು, ರೆನ್ನಿ ಅನ್ನುವ ಹೆಸರಿನವರು ಈಗ ಯಾರೂ ಇಲ್ಲ, ಆ ಜಾಗ ಬೇರೆಯವರಿಗೆ ಕೊಡುತ್ತೇವೆ, ನೀವು ಆ ಮನೆತನದವರಾದರೆ ವಂಶಾವಳಿ ತನ್ನಿ ಎಂದಿದ್ದಾರೆ. ತಾಲೂಕು ಕಚೇರಿಯಲ್ಲಿ ವಿಚಾರಿಸಿದರೆ ವಿದೇಶದವರ ವಂಶವೃಕ್ಷಕ್ಕೆ ಇಲ್ಲಿ ಅವಕಾಶವಿಲ್ಲ ಎಂದರಂತೆ.

"ಡಾಕ್ಟ್ರು ನನ್ನ ಹಾರ್ಟು ನೋಡಿ ಮುಖ ಸಣ್ಣದು ಮಾಡ್ಕಂಡಾರೆ. ಅದಕ್ಕೆ ಜಲ್ದಿ ಆಗ್ಬೇಕು ನೋಡ್ರಿ," ಎಂದರು, ಗ್ಯಾಸ್ ಸಿಲಿಂಡರ್ ಬುಕ್ ಮಾಡುವವರ ಹಾಗೆ.

ಏನು ಕೊಡಬೇಕು ಎಂದು ಕೇಳಿದಾಗ ಪದ್ಧತಿ ಪ್ರಕಾರ ಒಂದು ಮೊರ ಜೋಳ ಎಂದು ತಮಾಷೆ ಮಾಡಿದೆ. ಒಪ್ಪಿಕೊಂಡದ್ದಕ್ಕೆ ಕಾರಣ ಜಂಬ, ಇನ್ನೇನೂ ಅಲ್ಲ. ನಮ್ಮ ಕುಲದಲ್ಲಿ ಸ್ಕಾಟ್ಲೆಂಡಿನ ಬಳ್ಳಿ ಹೇಳಿದವರು ಯಾರಿದ್ದಾರೆ?

ಜನವರಿ 12, ಭಾನುವಾರ

ಹರಿಹರಕ್ಕೆ ಹೋಗಿಬಂದೆ. ಹೊರಡುವಾಗ ಹೆಂಡತಿ ಸುನೀತಾ ಬಾಗಿಲಲ್ಲಿ ನಿಂತು, "ಬದುಕಿರೋರ ಜಾತಕ ಎಲ್ಲಾ ನೋಡಿ ಮುಗೀತಾ? ಈಗ ಸತ್ತೋರ್ದಾ?" ಎಂದಳು. ಅವಳಿಗೆ ಉತ್ತರ ಕೊಡುವ ಅಭ್ಯಾಸ ನನಗೆ ಮೊದಲಿಂದಲೂ ಇಲ್ಲ.

ಸಿಮಿಟ್ರಿಯಲ್ಲಿ ಲಂಟಾನದ ಪೊದೆ ಎದೆಯೆತ್ತರ ಬೆಳೆದಿದೆ. ರೆನ್ನಿಯವರ ಕಟಕಟೆಯೊಳಗೆ ನುಗ್ಗಲು ಹೋಗಿ ಪ್ಯಾಂಟು ಹರಿಯಿತು. ಒಳಗೆ ನಾಲ್ಕು ಕಲ್ಲುಗಳಿವೆ. ದೊಡ್ಡದರ ಮೇಲೆ ಇಂಗ್ಲಿಷಿನಲ್ಲಿ ಡಂಕನ್ ರೆನ್ನಿ, ಅಬರ್ಡೀನಿನವನು, ಮತ್ತು ಅವನ ಹೆಂಡತಿ ಎಂದಷ್ಟೇ ಇದೆ. ಉಳಿದವು ಜಾನ್, ವಿಲಿಯಂ, ರಾಬರ್ಟ್. ಎಲ್ಸಿಯಮ್ಮನ ತಾಯಿಯ ಸಮಾಧಿಯ ಮೇಲೆ ಮರದ ಶಿಲುಬೆಯಿತ್ತಂತೆ, ಅದನ್ನು ಗೆದ್ದಲು ತಿಂದು ಮುಗಿಸಿವೆ. ಬರೀ ಮಣ್ಣಿನ ದಿಬ್ಬವಿದೆ. ನಾನು ನಾಲ್ಕು ಹೆಸರನ್ನೂ ಬರೆದುಕೊಂಡು, ಹರಿದ ಪ್ಯಾಂಟಿಗೆ ಬ್ಯಾಗು ಮುಚ್ಚಿಕೊಂಡು ಬಸ್ಸು ಹತ್ತಿದೆ.

ಮನೆಗೆ ಬಂದು ಅಪ್ಪನಿಗೆ ವಿಷಯ ಹೇಳಿದೆ. ಅಪ್ಪ ಕೆಂಚವೀರಪ್ಪನಿಗೆ ಎಂಬತ್ತಾರು ವರ್ಷ. ನಡಿಗೆ ನಿಂತಿದೆ, ಬಾಯಿ ನಿಂತಿಲ್ಲ. ಸ್ಕಾಟ್ಲೆಂಡು ಎಂದಾಗ ಯಾವ ತಾಲೂಕು ಎಂದು ಕೇಳಲಿಲ್ಲ, ಪುಣ್ಯ. "ಅವ್ರ ಬೆಡಗು ಯಾವ್ದು?" ಎಂದು ಕೇಳಿದ, ಅಂದರೆ ಕುಲದೊಳಗಿನ ಕವಲು ಯಾವುದೆಂದು. ಅಂಬಿಕಾ ಫೋನಿನಲ್ಲಿ ಹುಡುಕಿ, ಅವರಲ್ಲೂ ಬೆಡಗು ಅದಾವೆ ತಾತ, ಒಂದೊಂದು ಬೆಡಗಿಗೆ ಒಂದೊಂದು ಚೌಕಳಿ ಬಟ್ಟೆ ಎಂದಳು. ಅಪ್ಪನಿಗೆ ಪರಮ ಸಂತೋಷವಾಯಿತು. ಹಂಗಾದ್ರೆ ಕುಲಸ್ಥರು ಎಂದ.

ಜನವರಿ 20, ಸೋಮವಾರ

ಕೆಲಸ ಭರ್ಜರಿಯಾಗಿ ಸಾಗಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಎರಡು ಸಲ ಎಲ್ಸಿಯಮ್ಮನ ಮನೆಗೆ ಹೋಗಿ ಜಾನ್ ಏನು ಮಾಡಿದ, ವಿಲಿಯಂ ಏನಾದ ಎಂದು ಕೇಳಿ ತಂದೆ. ಕೇಳಿದ್ದಕ್ಕೆಲ್ಲ ಅವರು ಥಟ್ಟನೆ ಉತ್ತರ ಕೊಡುತ್ತಾರೆ. ಜಾನ್ ಅಪ್ಪನ ಹಾಗೆ ಕಲ್ಲುಕೆಲಸ. ವಿಲಿಯಂ ಮೊದಲನೇ ಮಹಾಯುದ್ಧಕ್ಕೆ ಹೋಗಿ ಹೆಣವೂ ಬರಲಿಲ್ಲ, ಕಲ್ಲು ಮಾತ್ರ ನೆಟ್ಟರು. ಜಾನನ ಮಗ ರಾಬರ್ಟ್ ಮದುವೆಯಾಗದೆ ತೀರಿಕೊಂಡ. ಪಕ್ಕದ ಮನೆಯ ರಹೀಮುನ್ನೀಸಾ ಎಂಬವರು ಪ್ರತಿ ಸಲವೂ ನನಗೆ ಚಹಾ ತಂದುಕೊಡುತ್ತಾರೆ, ಎಲ್ಸಿಯಮ್ಮನಿಗೆ ಮಾತ್ರೆ ನುಂಗಿಸಿ ಹೋಗುತ್ತಾರೆ.

ಮನೆಯಲ್ಲಿ ಸಂಜೆ ಎಂದಿನ ಕಾರ್ಯಕ್ರಮ. ದೀಪ ಹಚ್ಚಿದ ಮೇಲೆ ಅಪ್ಪ ನಮ್ಮ ಸ್ವಂತ ಬಳ್ಳಿ ಹೇಳುತ್ತಾನೆ. ಒಕ್ಕಲ ಮನೆಗಳಿಗೆ ಹೋಗುವುದು ನಿಂತ ಮೇಲೆ ಅವನಿಗೆ ಉಳಿದಿರುವುದು ಇದೊಂದೇ ಮನೆ. ಒಂದೊಂದು ಹೆಸರಿಗೂ ಹಿಂದೆ ನಿಂತವನು "ಹೌದು" ಎನ್ನಬೇಕು, ಅದು ಮಗನ ಕೆಲಸ. ಹೌದು ಅನ್ನುವವರಿಲ್ಲದೆ ಬಳ್ಳಿ ಹೇಳುವಂತಿಲ್ಲ. ನಡುವೆ ತಪ್ಪಿದರೆ ಅಲ್ಲೇ ಸೇರಿಸುವಂತಿಲ್ಲ, ಮತ್ತೆ ಮೊದಲಿಂದ ಹೇಳಬೇಕು. ನಾನು ಟಿವಿಯಲ್ಲಿ ನ್ಯೂಸ್ ನೋಡುತ್ತಲೇ ಹೌದು ಹೌದು ಎನ್ನುತ್ತೇನೆ. ಕೊನೆಗೆ ಅಪ್ಪ, "ಕೆಂಚವೀರಪ್ಪನ ಮಗ ಹನುಮೇಶ. ಹನುಮೇಶಗೆ ಗಂಡು ಸಂತಾನ ಇಲ್ಲ. ಇಲ್ಲಿಗೆ ಬಳ್ಳಿ ನಿಂತಿತು," ಎನ್ನುತ್ತಾನೆ. ನಾನು ಅದಕ್ಕೂ ಹೌದು ಎಂದು ಊಟಕ್ಕೆ ಏಳುತ್ತೇನೆ. ಹೆಣ್ಣುಮಕ್ಕಳು ಇನ್ನೊಂದು ಮನೆಯ ಬಳ್ಳಿಗೆ ಹೋಗುವವರು, ಅವರನ್ನು ಹೇಳುವುದು ನಮ್ಮ ಮನೆತನದ ಪದ್ಧತಿಯಲ್ಲ. ಪದ್ಧತಿ ನಾನು ಮಾಡಿದ್ದಲ್ಲವಲ್ಲ.

ಅಂಬಿಕಾ ಹತ್ತನೇ ಕ್ಲಾಸಿನಲ್ಲಿದ್ದಾಗ ತನಗೂ ಬಳ್ಳಿ ಕಲಿಸು ಎಂದು ಅಪ್ಪನಿಗೆ ಗಂಟುಬಿದ್ದಿದ್ದಳು. ನಾನೇ, ನಿನಗ್ಯಾಕವ್ವ ಅದು, ಲೆಕ್ಕ ಓದು ಎಂದು ಎಬ್ಬಿಸಿದ್ದೆ. ಈಗ ಅವಳೇ ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಊರಿಗೆಲ್ಲ ಗಂಡು ಹುಡುಕಿಕೊಡುವ ನಾನು ಇವಳಿಗೆ ಮೂರು ವರ್ಷದಿಂದ ಹುಡುಕುತ್ತಿದ್ದೇನೆ. ಯಾವ ಫೋಟೋ ತೋರಿಸಿದರೂ, ಈ ಹುಡುಗನ ಸಂಬಳ ನೀನೇ ಜಾಸ್ತಿ ಮಾಡಿ ಬರೆದಿದ್ದಲ್ಲವಾ ಅಪ್ಪ, ಎನ್ನುತ್ತಾಳೆ. ನಾನೇ ಬರೆದದ್ದು.

ಫೆಬ್ರವರಿ 2, ಭಾನುವಾರ

ಬರೆಯಲು ನಾಚಿಕೆಯಾಗುತ್ತದೆ. ಆದರೆ ಇದನ್ನು ಯಾರು ಓದುತ್ತಾರೆ? ಮಾತ್ರೆ ಕಂಪನಿಯವರಂತೂ ಓದುವುದಿಲ್ಲ.

ಇವತ್ತು ಸಿಮಿಟ್ರಿ ಕಮಿಟಿಯ ಸಭೆ ಇತ್ತು. ನಾನು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು, ಅಜ್ಜನ ಕಂಚಿನ ಗಂಟೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿಸಿ ತೆಗೆದುಕೊಂಡು ಹೋದೆ. ಗಂಟೆ ಬೇಡ ಎಂದು ಸುನೀತಾ ಹೇಳಿದ್ದಳು. ಎಲ್ಸಿಯಮ್ಮ ಹಿಂದಿನ ಬೆಂಚಿನಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಮಿಟಿಯ ಸೆಕ್ರೆಟರಿ ಪ್ರಭುದಾಸ್ ಒಳ್ಳೆಯ ಮನುಷ್ಯನೇ. ಜಾಗ ಇಲ್ಲದೆ ಎಷ್ಟೋ ಮನೆಯವರು ಕಾಯುತ್ತಿದ್ದಾರೆ, ನಮ್ಮ ಕಷ್ಟವನ್ನೂ ನೋಡಿ ಎಂದು ಮೊದಲೇ ಕೈ ಮುಗಿದರು. ನಾನು ನಸುನಕ್ಕು ಎದ್ದು ನಿಂತು ಗಂಟೆ ಬಾರಿಸಿದೆ. ಕಿಟಕಿಯಲ್ಲಿದ್ದ ಪಾರಿವಾಳ ಹಾರಿಹೋಯಿತು.

"ಸ್ಕಾಟ್ಲೆಂಡು ಸೀಮೆಯ, ಅಬರ್ಡೀನು ಪಟ್ಟಣದ, ಕಲ್ಲು ಕಡಿವ ರೆನ್ನಿಯವರ ಬಳ್ಳಿ ಕೇಳಿರಯ್ಯ. ಹೊಳೆಯ ಎದೆಗೆ ಕಂಬ ನಿಲ್ಲಿಸಿದ ಡಂಕನ್ ರೆನ್ನಿ. ಡಂಕನನ ಮಕ್ಕಳು ಇಬ್ಬರು, ಜಾನು, ವಿಲಿಯಮ್ಮು. ವಿಲಿಯಮ್ಮು ದಂಡಿಗೆ ಹೋದ, ತಿರುಗಿ ಬರಲಿಲ್ಲ. ಜಾನನ ಮಗ ರಾಬರ್ಟು. ರಾಬರ್ಟಿಗೆ ಮದುವೆ ಇಲ್ಲ, ಸಂತಾನ ಇಲ್ಲ."

ನನ್ನ ಧ್ವನಿ ನನಗೇ ಹಿತವಾಗಿತ್ತು. ಮೂವತ್ತು ವರ್ಷ ಬಾಯಲ್ಲಿ ಕೂತಿದ್ದ ರಾಗ ತಾನಾಗಿ ಎದ್ದು ಬಂತು. ಡಂಕನನ ಮಗಳ ಮಾತನ್ನು ಇಲ್ಲಿ ಸೇರಿಸಬೇಕು ಎಂದು ಬಸ್ಸಿನಲ್ಲಿ ಯೋಚಿಸಿಕೊಂಡಿದ್ದೆ. ಆದರೆ ರಾಗ ಹೆಣ್ಣಿನ ಹೆಸರಿಗೆ ದಾರಿ ಕೊಡುವುದೇ ಇಲ್ಲ. ನೆಟ್ಟಗೆ ಕೊನೆಗೆ ಹೋಗಿ ನಿಂತಿತು.

"ಇಲ್ಲಿಗೆ ಬಳ್ಳಿ ನಿಂತಿತು," ಎಂದೆ. ಹಾಗೆಂದ ಮೇಲೆ ನಮ್ಮಲ್ಲಿ ಮತ್ತೇನೂ ಹೇಳುವಂತಿಲ್ಲ, ಗಂಟೆ ಬಾರಿಸಬೇಕು. ಬಾರಿಸಿಯೂಬಿಟ್ಟೆ.

ಪ್ರಭುದಾಸ್ ಪೆನ್ನಿನ ಮುಚ್ಚಳ ತೆಗೆದು, ಹಾಗಾದರೆ ಮುಗಿಯಿತಲ್ಲ, ಆ ವಂಶದವರು ಉಳಿದಿಲ್ಲ ಎಂದು ಎಲ್ಸಿಯವರು ಕರೆತಂದ ತಜ್ಞರೇ ಹೇಳಿದ್ದಾರೆ ಎಂದು ಬರೆದುಕೊಂಡರು. ನಾನು ಅಯ್ಯೋ ಹಾಗಲ್ಲ, ಮಗಳ ಮಗಳ ಮಗಳು ಇಲ್ಲೇ ಇದ್ದಾರೆ ಎಂದು ತಡವರಿಸಿದೆ. ಅದನ್ನು ಆಗಲೇ ಹೇಳಬೇಕಿತ್ತಲ್ಲ ಎಂದು ಇನ್ನೊಬ್ಬರು ನಕ್ಕರು, ಬರೆದದ್ದು ಹಾಗೇ ಉಳಿಯಿತು. ನನ್ನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು.

ಹೊರಗೆ ಬಂದ ಮೇಲೆ ಎಲ್ಸಿಯಮ್ಮ ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಗಂಟೆ ಚಲೋ ಐತ್ರಿ," ಎಂದರು. "ಧ್ವನಿ ದೂರ ಹೋಗ್ತೈತೆ."

ಫೆಬ್ರವರಿ 3, ಸೋಮವಾರ

ಬೆಣ್ಣೆ ದೋಸೆ ಕೂಡ ಸೇರಲಿಲ್ಲ.

ಫೆಬ್ರವರಿ 6, ಗುರುವಾರ

ಮೂರು ದಿನ ಆ ಕಡೆ ತಲೆ ಹಾಕಿರಲಿಲ್ಲ. ಇವತ್ತು ಅಂಬಿಕಾ, ಏಳಪ್ಪ, ಎಂದು ಹೆಲ್ಮೆಟ್ಟು ನನ್ನ ತಲೆಗೆ ಹಾಕಿ ಹರಿಹರಕ್ಕೆ ಕರೆದುಕೊಂಡು ಹೋದಳು. ನಾಚಿಕೆಗೆ ಹೆಲ್ಮೆಟ್ಟು ಒಳ್ಳೆಯದು, ಯಾರೂ ಗುರುತು ಹಿಡಿಯುವುದಿಲ್ಲ.

ಎಲ್ಸಿಯಮ್ಮ ಹಾಸಿಗೆಯ ಮೇಲೆ ಒರಗಿ ಕೂತಿದ್ದರು. ಕಾಲು ಊದಿದ್ದವು. ನಾನು ತಪ್ಪಾಯಿತು ಎಂದು ಶುರುಮಾಡುವಷ್ಟರಲ್ಲಿ ಅಂಬಿಕಾ ಅವರ ಹತ್ತಿರ ಹೋಗಿ ಕೂತು, ಕಲ್ಲಿನ ಮೇಲೆ ಹೆಂಡತಿ ಅಂತಷ್ಟೇ ಐತಲ್ಲಮ್ಮ, ಅವರ ಹೆಸರೇನು ಎಂದು ಕೇಳಿದಳು. ನಾಲ್ಕು ವಾರದಲ್ಲಿ ನನಗೆ ಹೊಳೆಯದ ಪ್ರಶ್ನೆ ಅದು.

"ಜೀನ್," ಎಂದರು ಎಲ್ಸಿಯಮ್ಮ ಕೂಡಲೇ. "ಬರುವಾಗ ಹಡಗಿನಾಗೆ ಒಂದು ಕೂಸು ಕಳಕಂಡ್ಲು. ಇಲ್ಲಿ ಬಂದು, ಹೊಳ್ಯಾಗೆ ಮೂರನೇ ಕಂಬ ಏಳುವಾಗ ಇಸಬೆಲ್ಲಾ ಹುಟ್ಟಿದ್ಲು. ಇಸಬೆಲ್ಲಾನ ಮಗಳು ಆಗ್ನೆಸ್, ನಮ್ಮವ್ವ. ದಿನಾ ಬೆಳಿಗ್ಗೆ ನನಗೆ ಜಡೆ ಹಾಕುವಾಗ ಒಂದೊಂದು ಎಳೆ ಹಿಡಕಂಡು ಹೇಳ್ತಿದ್ಲು. ಇದು ಜೀನ್, ಇದು ಇಸಬೆಲ್ಲಾ, ಇದು ಆಗ್ನೆಸ್. ಕೆಳಗಿನ ಗಂಟು ನಾನು."

ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ಧ್ವನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು. ತಪ್ಪು ನನ್ನದಾದಾಗ ನನಗೆ ಬರುವ ಸಿಟ್ಟು ಅದು.

"ನೀವು ಗಂಡಸ್ರ ಹೆಸ್ರು ಕೇಳಿದ್ರಿ, ಕೊಟ್ಟೆ. ಎಕ್ಸ್‌ಚೇಂಜಿನಾಗೆ ನಮಗೆ ಕಲಿಸಿದ್ದೇ ಅದು. ಕೇಳಿದ ನಂಬರಿಗೆ ಲೈನ್ ಕೊಡ್ಬೇಕು, ಹೆಚ್ಚು ಮಾತಾಡಬಾರ್ದು."

ರಹೀಮುನ್ನೀಸಾ ಚಹಾ ತಂದರು. ಇವತ್ತು ಸಕ್ಕರೆ ಕಡಿಮೆ ಇತ್ತು. ಕಮಿಟಿಯ ಸುದ್ದಿ ಅವರಿಗೂ ಗೊತ್ತಾಗಿರಬೇಕು.

ಫೆಬ್ರವರಿ 11, ಮಂಗಳವಾರ

ಕಮಿಟಿಯವರು ಬರುವ ಭಾನುವಾರ ಆ ಜಾಗವನ್ನು ಹಂಚುತ್ತಾರಂತೆ. ಏನು ಮಾಡುವುದು ಎಂದು ತಿಳಿಯದೆ ಅಪ್ಪನ ಮುಂದೆ ಹೋಗಿ ಕೂತೆ. ಸಭೆಯಲ್ಲಿ ಆದದ್ದನ್ನೆಲ್ಲ ಹೇಳಿದೆ. ಅಪ್ಪ ನಾನು ಹೆಣ್ಣುಮಕ್ಕಳನ್ನು ಬಿಟ್ಟದ್ದಕ್ಕೆ ಬೈಯಲಿಲ್ಲ, ಅವನಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಅವನು ಬೈದದ್ದು ಬೇರೆಯದಕ್ಕೆ.

"ಲೇ ಹನುಮಾ, ಕೊಡೋನ ಬಳ್ಳಿ ಮೊದ್ಲು ಹೇಳ್ಬೇಕೋ ಬ್ಯಾಡ್ವೋ? ಬೇಡೋರ ಬಳ್ಳಿ ಯಾವನಿಗೆ ಬೇಕು? ಕೊಡೋನು ತನ್ನ ಹಿರೇರ ಹೆಸ್ರು ಕೇಳಿ ಮೆತ್ತಗಾಗ್ಬೇಕು, ಆಮ್ಯಾಲೆ ಮೊರ ತರ್ತಾನೆ."

ಇದು ನಮ್ಮ ಕಸುಬಿನ ಮೊದಲ ಪಾಠ. ತಜ್ಞನಾದ ಮೇಲೆ ಮರೆತಿದ್ದೆ.

ಅಂಬಿಕಾ ಆಗಲೇ ಎದ್ದು ಸ್ಕೂಟರಿನ ಕೀ ಹುಡುಕುತ್ತಿದ್ದಳು. ಪ್ರಭುದಾಸರ ಚಿಕ್ಕಮ್ಮ ಸುಗುಣಮ್ಮ ದಾವಣಗೆರೆಯಲ್ಲೇ ಇದ್ದಾರೆ, ಅವರ ಮೊಮ್ಮಗಳಿಗೆ ಗಂಡು ಹುಡುಕಿಕೊಟ್ಟದ್ದು ನಾವೇ ಎಂದು ಅವಳಿಗೆ ನೆನಪಿತ್ತು. ಹೋದೆವು. ಮಂಡಕ್ಕಿ ಕೊಟ್ಟು ಮಾತಿಗೆ ಕೂತ ಸುಗುಣಮ್ಮ ಕತ್ತಲಾಗುವವರೆಗೂ ಬಿಡಲಿಲ್ಲ. ಪ್ರಭುದಾಸರ ತಾಯಿಯ ಅಜ್ಜಿಯವರೆಗೆ ಹೋದೆವು. ಅಂಬಿಕಾ ಬರೆದುಕೊಳ್ಳಲಿಲ್ಲ, ಸುಮ್ಮನೆ ಹೂಂ ಎನ್ನುತ್ತಾ ಕೇಳುತ್ತಿದ್ದಳು. ಮನೆಗೆ ಬಂದು ನಾನು ಎರಡು ಹೆಸರು ಮರೆತಿದ್ದೆ, ಅವಳಿಗೆ ಎಲ್ಲ ನೆನಪಿತ್ತು. ಇಂಥ ನೆನಪು ಗಂಡುಮಗನಿಗೆ ಬಂದಿದ್ದರೆ ಎಂದುಕೊಂಡೆ. ಆಮೇಲೆ, ಬಂದಿದ್ದರೆ ಏನಾಗುತ್ತಿತ್ತು, ಅವನೂ ಫ್ಯಾನಿನ ಕೆಳಗೆ ಕೂರುತ್ತಿದ್ದ ಎಂದುಕೊಂಡೆ.

ಫೆಬ್ರವರಿ 16, ಭಾನುವಾರ

ಎರಡು ನಿಮಿಷ ಮಾತಾಡಲು ಬಿಡಿ ಎಂದು ಪ್ರಭುದಾಸರಿಗೆ ಕೈ ಮುಗಿದೆ. ಗಂಟೆ ಬಾರಿಸಬೇಡಿ ಎಂಬ ಷರತ್ತಿನ ಮೇಲೆ ಒಪ್ಪಿದರು. ಎಲ್ಸಿಯಮ್ಮ ಬರುವ ಸ್ಥಿತಿಯಲ್ಲಿರಲಿಲ್ಲ. ಅಂಬಿಕಾ ನನ್ನನ್ನು ಬಿಟ್ಟು ಹೊರಗೆ ನಿಲ್ಲುತ್ತೇನೆ ಎಂದಿದ್ದವಳು ಒಳಗೇ ಬಂದು ನನ್ನ ಬೆನ್ನ ಹಿಂದೆ ನಿಂತಳು.

"ಹರಿಹರದ ಸಿಮಿಟ್ರಿಗೆ ಮೊದಲ ಬೇಲಿ ಹಾಕಿಸಿದ ದೇವಪುತ್ರಪ್ಪನವರ ಬಳ್ಳಿ ಕೇಳಿರಯ್ಯ," ಎಂದೆ. ಅವರು ಪ್ರಭುದಾಸರ ತಾಯಿಯ ತಂದೆ. ಪ್ರಭುದಾಸರಿಗೆ ಸಿಮಿಟ್ರಿಯಲ್ಲಿ ಜಾಗ ಬಂದಿರುವುದು ಅವರಿಂದಲೇ. ಪ್ರಭುದಾಸರ ಬೆನ್ನು ನೆಟ್ಟಗಾಯಿತು, ಕನ್ನಡಕ ತೆಗೆದರು.

ಹಿಂದಿನಿಂದ ಯಾರೋ ಹೌದು ಎಂದರು. ಅಂಬಿಕಾ. ನಾನು ಕಣ್ಣಲ್ಲೇ ಗದರಿಸಲು ತಿರುಗಿದೆ, ಅವಳು ಎದುರಿನ ಗೋಡೆ ನೋಡುತ್ತಿದ್ದಳು. ಹೌದು ಅನ್ನುವವರು ಬೇಕೇ ಬೇಕಲ್ಲ ಎಂದು ಮುಂದಕ್ಕೆ ಹೊರಟೆ.

ದೇವಪುತ್ರಪ್ಪನವರ ತಂದೆ, ತಾತ, ಅವರು ತೋಡಿಸಿದ ಬಾವಿ, ನೆಟ್ಟ ಹುಣಸೆಮರ ಎಲ್ಲ ಹೇಳಿದೆ. ಹೌದು, ಹೌದು ಎಂದು ಹಿಂದಿನಿಂದ ಬರುತ್ತಿತ್ತು. ಕೊನೆಗೆ, "ದೇವಪುತ್ರಪ್ಪಗೆ ಗಂಡು ಸಂತಾನ ಇಲ್ಲ. ಇಲ್ಲಿಗೆ ಬಳ್ಳಿ," ಎಂದು ತಡೆದೆ.

"ತಡೀರಿ," ಎಂದರು ಪ್ರಭುದಾಸ್. "ನಮ್ಮವ್ವನ ಹೆಸ್ರು ಬಿಟ್ರಲ್ರಿ."

"ನಮ್ಮ ಪದ್ಧತ್ಯಾಗೆ ಹೆಣ್ಣುಮಕ್ಕಳ ಹೆಸ್ರು ಹೇಳಲ್ಲ ಸಾರ್."

"ಹಂಗಾದ್ರೆ ನಾನು ಎಲ್ಲಿಂದ ಬಂದೆ?"

ಆ ಪ್ರಶ್ನೆ ಅವರ ಬಾಯಿಂದ ಹೊರಗೆ ಬಿದ್ದ ಮೇಲೆ ಅವರಿಗೇ ಕೇಳಿಸಿತು. ಹಿಂದಿನ ಸಾಲಿನವರೊಬ್ಬರು ಕೆಮ್ಮಿದರು. ನಾನು ನಡುವೆ ಸೇರಿಸುವಂತಿಲ್ಲ, ಮೊದಲಿಂದ ಹೇಳಬೇಕು ಎಂದೆ. ಹೇಳ್ರಿ ಎಂದರು. ಮೊದಲಿಂದ ಹೇಳಿ, ದೇವಪುತ್ರಪ್ಪನವರ ಮಗಳು ಸುಶೀಲಮ್ಮ, ಸುಶೀಲಮ್ಮನ ಮಗ ಪ್ರಭುದಾಸ ಎಂದು ಮುಗಿಸಿದೆ. ರಾಗ ದಾರಿ ಕೊಡುವುದಿಲ್ಲ ಎಂದುಕೊಂಡಿದ್ದೆನಲ್ಲ, ಕೊಟ್ಟಿತು. ಅದೇ ಉಸಿರಿನಲ್ಲಿ ರೆನ್ನಿಯವರ ಬಳ್ಳಿಗೆ ಹೋದೆ. ಡಂಕನನ ಕೈಹಿಡಿದ ಜೀನ್, ಜೀನಳ ಮಗಳು ಇಸಬೆಲ್ಲಾ, ಇಸಬೆಲ್ಲಾಳ ಮಗಳು ಆಗ್ನೆಸ್, ಆಗ್ನೆಸ್ಸಳ ಮಗಳು ಎಲ್ಸಿ. ಕೊನೆಗೆ ಬಳ್ಳಿ ನಿಂತಿತು ಎನ್ನಲಿಲ್ಲ. ಎಲ್ಸಿಯಮ್ಮ ಇನ್ನೂ ಇದ್ದಾರಲ್ಲ.

ಪ್ರಭುದಾಸ್ ಹಿಂದಿನ ಸಭೆಯ ಪುಟ ತೆಗೆದು, ನಾನು ಬರೆಸಿದ್ದ ಸಾಲಿನ ಮೇಲೆ ಗೀಟು ಎಳೆದರು. ಜಾಗ ಎಲ್ಸಿ ಸಾಮ್ಯುಯೆಲ್ ಅವರದು. ಹೊರಡುವಾಗ ನನ್ನ ಕೈ ಹಿಡಿದು, ಸುಶೀಲಮ್ಮನ ಹೆಸರು ಬರುವ ಆ ಸಾಲನ್ನು ಇನ್ನೊಮ್ಮೆ ಹೇಳಿಸಿಕೊಂಡರು.

ಫೆಬ್ರವರಿ 23, ಭಾನುವಾರ

ಎಲ್ಸಿಯಮ್ಮನನ್ನು ನೋಡಿಬಂದೆವು. ಜಾಗ ಸಿಕ್ಕ ಮೇಲೆ ಸಾಯುವ ಅವಸರ ಹೋಗಿದೆ ಎಂದು ನಕ್ಕರು. ನಗುವಾಗ ಉಸಿರು ಸಾಲದೆ ರಹೀಮುನ್ನೀಸಾ ಬೆನ್ನು ನೀವಿದರು. ಮಂಚದ ಕೆಳಗೆ ಒಂದು ಮೊರದ ತುಂಬ ಬಿಳಿಜೋಳ ಇಟ್ಟಿದ್ದರು. ಅದು ತಮಾಷೆಗೆ ಹೇಳಿದ್ದು ಎಂದರೆ ಕೇಳಲಿಲ್ಲ. ಅಂಬಿಕಾ ದುಪ್ಪಟ್ಟಾ ಹರಡಿ ಜೋಳ ಕಟ್ಟಿಕೊಂಡಳು.

ಆಮೇಲೆ ನನ್ನನ್ನು ಹತ್ತಿರ ಕರೆದರು. ಮಣ್ಣು ಮಾಡುವ ದಿವಸ ನೀವೇ ಬಂದು ಬಳ್ಳಿ ಹೇಳಬೇಕು ಎಂದರು. ಹೇಳುತ್ತೇನೆ, ಆದರೆ ಆ ಕೊನೆಯ ಮಾತು ಮಾತ್ರ ಹೇಳುವುದಿಲ್ಲ ಎಂದು ನಾನು ಭರವಸೆ ಕೊಟ್ಟೆ. ಬಹಳ ದೊಡ್ಡ ಮನಸ್ಸಿನವನ ಹಾಗೆ ಕೊಟ್ಟೆ.

"ಯಾಕ? ಹೇಳ್ರಿ," ಎಂದರು. "ಅದು ಸುಳ್ಳಲ್ಲ. ನನಗೆ ಮಕ್ಕಳಿಲ್ಲ, ಮರಿಯಿಲ್ಲ, ಬಳ್ಳಿ ನಿಲ್ತೈತೆ. ಅದ್ರಾಗೆ ನನಗೇನೂ ಬ್ಯಾಸರ ಇಲ್ಲ. ಅವತ್ತು ನನಗೆ ಬ್ಯಾಸರ ಆಗಿದ್ದು, ನಾನು ಅಲ್ಲೇ ಕುಂತಿದ್ದೆ, ನೀವು ನನಗಿಂತ ಮೊದ್ಲೇ ನಿಲ್ಲಿಸಿಬಿಟ್ರಿ. ನಿಂತಿತು ಅಂತ ಹೇಳ್ರಿ. ನನ್ನ ಹೆಸ್ರು ಹೇಳಿ, ಆಮ್ಯಾಲೆ ಹೇಳ್ರಿ."

ವಾಪಸು ಬರುವಾಗ ಸ್ಕೂಟರಿನಲ್ಲಿ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೆ. ಹೊಳೆಯ ಕಡೆಯ ಗಾಳಿಗೆ ಕಣ್ಣಲ್ಲಿ ನೀರು ಬರುತ್ತದೆ.

ಮಾರ್ಚ್ 14, ಶುಕ್ರವಾರ

ಬೆಳಗ್ಗೆ ರಹೀಮುನ್ನೀಸಾ ಫೋನ್ ಮಾಡಿದರು. ಅಳುತ್ತಿದ್ದರು. ತಿಳಿಯಿತು.

ಮಾರ್ಚ್ 15, ಶನಿವಾರ

ಇವತ್ತು ಮಣ್ಣಾಯಿತು. ಲಂಟಾನವನ್ನು ಕಮಿಟಿಯವರು ಕಡಿಸಿದ್ದರು, ಪ್ರಭುದಾಸರೇ ಮುಂದೆ ನಿಂತಿದ್ದರು. ತಾಯಿಯ ದಿಬ್ಬದ ಪಕ್ಕದಲ್ಲೇ ಇಳಿಸಿದರು. ಪಾದ್ರಿಗಳು ಪ್ರಾರ್ಥನೆ ಮುಗಿಸಿ ನನ್ನ ಕಡೆ ನೋಡಿದರು. ಗಂಟೆ ತೆಗೆದುಕೊಂಡು ಹೋಗಿರಲಿಲ್ಲ.

ಬಳ್ಳಿ ಹೇಳಿದೆ. ಅಂಬಿಕಾ ಹಿಂದೆ ನಿಂತು ಹೌದು ಎಂದಳು. ಇಸಬೆಲ್ಲಾಳ ಹೆಸರು ಬರುವ ಹೊತ್ತಿಗೆ ಪ್ರಭುದಾಸರೂ ಹೌದು ಎನ್ನುತ್ತಿದ್ದರು, ಕಟಕಟೆಯ ಆಚೆ ನಿಂತಿದ್ದ ರಹೀಮುನ್ನೀಸಾ ಕೂಡ. ಆಗ್ನೆಸ್ಸಳ ಮಗಳು ಎಲ್ಸಿ, ಎಂದೆ. ಎಲ್ಲರೂ ಹೌದು ಎನ್ನುವವರೆಗೂ ಕಾದೆ. ಆಮೇಲೆ, ಇಲ್ಲಿಗೆ ಬಳ್ಳಿ ನಿಂತಿತು, ಎಂದೆ. ನನಗೆ ತುಂಬಾ ದುಃಖವಾಯಿತು. ಇಷ್ಟು ವರ್ಷ ಈ ಮಾತನ್ನು ಊಟದ ಗಂಟೆಯ ಹಾಗೆ ಕೇಳುತ್ತಿದ್ದೆ. ಇದಕ್ಕೆ ಇಷ್ಟು ತೂಕ ಇದೆ ಎಂದು ಗೊತ್ತಿರಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿದೆ. ದೀಪ ಹಚ್ಚಿದ ಮೇಲೆ ಅಪ್ಪ ಎಂದಿನಂತೆ ಶುರುಮಾಡಿದ. ಟಿವಿ ಹಾಕಲು ಮನಸ್ಸಾಗಲಿಲ್ಲ, ಹಿಂದೆ ಕೂತು ಹೌದು ಹೌದು ಎಂದೆ. ಅಡುಗೆಮನೆಯಲ್ಲಿ ಅಂಬಿಕಾ ಎಲ್ಸಿಯಮ್ಮನ ಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟುತ್ತಿದ್ದಳು.

"ಕೆಂಚವೀರಪ್ಪನ ಮಗ ಹನುಮೇಶ. ಹನುಮೇಶಗೆ ಗಂಡು ಸಂತಾನ ಇಲ್ಲ. ಇಲ್ಲಿಗೆ ಬಳ್ಳಿ ನಿಂತಿತು."

ನಾನು ಸುಮ್ಮನೆ ಕೂತೆ. ಬೇಕೆಂದೇ ಕೂತದ್ದಲ್ಲ, ಹೌದು ಅನ್ನುವ ಮಾತು ಬಾಯಿಗೆ ಬರಲಿಲ್ಲ ಅಷ್ಟೇ. ದಣಿವು ಇರಬೇಕು. ಅಪ್ಪ ಕಾದ. ನನಗೆ ಕೇಳಿಸಲಿಲ್ಲವೇನೋ ಎಂದು ನನ್ನ ಕಡೆ ವಾಲಿ ಇನ್ನೊಮ್ಮೆ ಹೇಳಿದ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು.

"ಅಂಬಿಕಾನ ಹೆಸ್ರು ಬಿಟ್ಟಿ ಅಪ್ಪ," ಎಂದೆ.

ಅಪ್ಪ ಬೈಯಲು ಬಾಯಿ ತೆರೆದ. ಒಳಗಿನ ಬಾಗಿಲ ಕಡೆ ನೋಡಿದ, ನನ್ನನ್ನು ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, "ನಡುವೆ ಸೇರ್ಸಾಕ್ ಬರಲ್ಲ," ಎಂದು ಗೊಣಗಿದ. ನೀರು ಕೇಳಿದ. ಕುಡಿದು, ಚೊಂಬು ಕೆಳಗಿಟ್ಟು, ಮೊದಲನೇ ಹಿರಿಯನಿಂದ ಶುರುಮಾಡಿದ.

ಇಪ್ಪತ್ತೊಂದು ತಲೆಮಾರು ಮತ್ತೆ ಕೇಳಬೇಕಾಯಿತು. ರೊಟ್ಟಿಯೆಲ್ಲ ತಣ್ಣಗಾಗಿ ಸುನೀತಾ ಬೈದಳು.